ಮುಖಕ್ಕೆ ಯಾವ ಬಣ್ಣ?

‘ಮುಖ ನೋಡಿ ಮಣೆ ಹಾಕು’ ಎಂಬುದು ನಮ್ಮ ಹಿರಿಯರು ಆಡುತ್ತಾ ಬಂದ ಮಾತು. ಬಂದವರ ಮುಖ ನೋಡಿ ಅವರ ಯೋಗ್ಯತೆ ಅಳೆಯುವವರನ್ನು ಕುಟುಕಲು ಈ ಗಾದೆಯನ್ನು ಬಳಸುತ್ತೇವೆ. ಆದರೆ ಮುಖವನ್ನು ನಿಜವಾಗಿ ನೋಡುವುದು ಅಷ್ಟು ಸುಲಭದ ಕೆಲಸವೇ? ಕನ್ನಡ ತರಗತಿಯಲ್ಲಿ ‘ನನ್ನ ಅಜ್ಜಿ’ ಎಂಬ ವಿಷಯ ಕೊಟ್ಟು ನಾಲ್ಕು ಸಾಲು ಬರೆಯಿರಿ, ಪಕ್ಕದಲ್ಲಿ ಚಿತ್ರವನ್ನೂ ಬಿಡಿಸಿರಿ ಎಂದು ಹೇಳಿ ನೋಡಿ. ಸೀರೆಗೆ ಹತ್ತು ಬಣ್ಣ ಹುಡುಕುವ ಮಕ್ಕಳು ಮುಖಕ್ಕೆ ಬಂದ ಕೂಡಲೇ ಒಂದೇ ಪೆನ್ಸಿಲ್ಲಿಗೆ ಕೈ ಚಾಚುತ್ತಾರೆ. ಅದು ಪೆಟ್ಟಿಗೆಯಲ್ಲಿರುವ ನಸುಗುಲಾಬಿ. ‘ಟೀಚರ್, ಸ್ಕಿನ್ ಕಲರ್ ಕೊಡಿ’ ಎನ್ನುತ್ತಾರೆ. ವಾರದ ಉಳಿದ ದಿನಗಳಲ್ಲಿ ಕಲಿಯುವ ಡಚ್ ಶಾಲೆಯಲ್ಲಿ ಅದಕ್ಕೇ ‘ಹೌಟ್ಸ್‌ಕ್ಲೂರ್’ ಎಂಬ ಹೆಸರು. ಧಾರವಾಡದ ಅಜ್ಜಿ, ಮಂಡ್ಯದ ಅಜ್ಜಿ, ಕಾಸರಗೋಡಿನ ಅಜ್ಜಿ, ಎಲ್ಲರೂ ಒಂದೇ ನಸುಗುಲಾಬಿ!

ನಾವು ಚಿತ್ರಕಲಾ ಶಿಕ್ಷಕರಲ್ಲ, ಭಾಷೆ ಕಲಿಸುವವರು. ಆದರೂ ಈ ವಿಷಯದಲ್ಲಿ ನಮಗೊಂದು ಗಟ್ಟಿಯಾದ ಅಭಿಪ್ರಾಯವಿದೆ. ಆ ಪೆನ್ಸಿಲ್ಲಿಗೆ ಆ ಹೆಸರು ಸಲ್ಲದು. ಅಮೆರಿಕದ ಕ್ರಯೋಲಾ ಕಂಪನಿ 1962ರಲ್ಲೇ ತನ್ನ ಕ್ರೇಯಾನ್ ಒಂದಕ್ಕಿದ್ದ ‘ಫ್ಲೆಶ್’ ಎಂಬ ಹೆಸರನ್ನು ತೆಗೆದು ‘ಪೀಚ್’ ಎಂದು ಇಟ್ಟಿತು. ಅರವತ್ತು ವರ್ಷ ಕಳೆದರೂ ಮಕ್ಕಳ ಬಾಯಿಂದ ಅದು ಹೋಗಿಲ್ಲ. ಹೋಗಬೇಕಾದರೆ ಹೆಸರು ಅಳಿಸಿದರೆ ಸಾಲದು, ಮುಖಕ್ಕೆ ಬಣ್ಣ ಹೇಗೆ ಬರುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಅದನ್ನು ನೋಡಲು ನಾವೀಗ ಬದುಕುತ್ತಿರುವ ಈ ಪುಟ್ಟ ದೇಶಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದರೆ ತಪ್ಪಾಗಲಾರದು.

ಮುಖವನ್ನು ನೋಡುವುದರಲ್ಲೇ ಆಯುಷ್ಯ ಕಳೆದ ಚಿತ್ರಕಾರ ರೆಂಬ್ರಾಂಟ್. 1606ರಲ್ಲಿ ಲೈಡನ್‌ನಲ್ಲಿ ಹುಟ್ಟಿದ, 1669ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೀರಿಕೊಂಡ. ಬೇರೆಯವರ ಮುಖ ಸಿಗದಾಗ ಕನ್ನಡಿ ಮುಂದೆ ಕುಳಿತು ತನ್ನದನ್ನೇ ಬರೆದ. ಎಣ್ಣೆಬಣ್ಣ, ಎಚಿಂಗ್, ರೇಖಾಚಿತ್ರ ಎಲ್ಲ ಸೇರಿ ಅವನ ಸ್ವಂತ ಮುಖದ ಚಿತ್ರಗಳೇ ಸುಮಾರು 80 ಇವೆ. ಇಂಥವನ ಬಣ್ಣದ ಹಲಗೆಯ ಮೇಲೆ ನೂರಾರು ಬಣ್ಣಗಳಿದ್ದವು ಎಂದು ಯಾರಾದರೂ ಊಹಿಸಿದರೆ ಆಶ್ಚರ್ಯವಿಲ್ಲ. ನಿಜದಲ್ಲಿ ಇದ್ದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ಮಣ್ಣು! ಹಳದಿ ಮಣ್ಣು, ಕೆಂಪು ಮಣ್ಣು, ಕಂದು ಮಣ್ಣು, ಜೊತೆಗೆ ಸೀಸದಿಂದ ಮಾಡಿದ ಬಿಳಿ, ಮೂಳೆ ಸುಟ್ಟು ಮಾಡಿದ ಕಪ್ಪು, ಒಂದಿಷ್ಟು ಇಂಗಳೀಕ, ಗಾಢ ಕೆಂಪಿಗೆ ಕೀಟದಿಂದಲೂ ಬೇರಿನಿಂದಲೂ ತೆಗೆದ ಅರಗುಬಣ್ಣ, ಸೀಸ ತವರ ಸೇರಿದ ಹಳದಿ. ನೀಲಿ ಬಹಳ ಕಡಿಮೆ.

ಇವುಗಳಿಗೆಲ್ಲ ಇಂಗ್ಲಿಷ್ ಹೆಸರುಗಳೇ ಗತಿ ಎಂದು ಮಕ್ಕಳು ತಿಳಿಯಬಾರದು. ಆ ಕೆಂಪು ಮಣ್ಣು ನಮ್ಮ ಕಾವಿ. ಉತ್ತರ ಕನ್ನಡದ ದೇವಸ್ಥಾನಗಳ ಗೋಡೆಯ ಮೇಲಿನ ಕಾವಿ ಕಲೆ, ಅಜ್ಜನ ಮನೆಯ ಕಾವಿ ನೆಲ, ಸನ್ಯಾಸಿಯ ಬಟ್ಟೆ, ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮೊಣಕಾಲಿಗೆ ಮೆತ್ತಿಕೊಳ್ಳುವ ಕೆಮ್ಮಣ್ಣು, ಎಲ್ಲದರಲ್ಲೂ ಇರುವುದು ಒಂದೇ ಕಬ್ಬಿಣದ ತುಕ್ಕು. ಬಿಳಿಗೆ ಸಫೇದ ಎನ್ನುತ್ತೇವೆ, ದೀಪದ ಕಪ್ಪಿಗೆ ಕಾಡಿಗೆ. ಕೆಂಪಿಗೆ ಇಂಗಳೀಕ ಎಂಬ ಮಾತು ಹಳೆಯ ಕನ್ನಡ ಕಾವ್ಯಗಳನ್ನು ಓದುವವರಿಗೆ ಹೊಸದಲ್ಲ. ಅಂದರೆ ಆಮ್‌ಸ್ಟರ್‌ಡ್ಯಾಮ್‌ನ ಶ್ರೀಮಂತ ವರ್ತಕನ ಕೆನ್ನೆಗೂ ನಮ್ಮೂರ ಅಂಗಳಕ್ಕೂ ಬಣ್ಣ ಬಂದದ್ದು ಒಂದೇ ಬಗೆಯ ಮಣ್ಣಿನಿಂದ.

ಇಷ್ಟು ಕಡಿಮೆ ಬಣ್ಣಗಳಿಂದ ಜೀವಂತ ಮುಖ ಹೇಗೆ ಬಂತು? ಇಲ್ಲಿ ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಸಂಗತಿಯಿದೆ. ಕಪ್ಪಿಗೆ ಬಿಳಿ ಬೆರೆಸಿದರೆ ಬೂದಿ ಬರುತ್ತದೆ. ಆ ಬೂದಿಯನ್ನು ಬಿಳಿ ಹಾಳೆಯ ಮೇಲೆ ಇಟ್ಟರೆ ಬೂದಿಯಂತೆಯೇ ಕಾಣುತ್ತದೆ. ಅದನ್ನೇ ಹಳದಿ ಕೆಂಪು ಬೆರೆತ ಬಣ್ಣದ ಪಕ್ಕದಲ್ಲಿ ಇಟ್ಟರೆ ನೀಲಿಯಂತೆ ಕಾಣುತ್ತದೆ! ಗಡ್ಡ ಬೋಳಿಸಿದ ಗಲ್ಲ, ಕಣ್ಣಿನ ಕೆಳಗಿನ ತೆಳು ಚರ್ಮ, ಹಣೆಯ ಪಕ್ಕದ ನರ, ಇವೆಲ್ಲ ತಣ್ಣಗೆ ನೀಲಿಛಾಯೆಯಲ್ಲಿ ಕಾಣುವುದಕ್ಕೆ ನೀಲಿ ಬಣ್ಣವೇ ಬೇಕಾಗಿಲ್ಲ. ಕಪ್ಪಿಗೆ ಹಳದಿ ಮಣ್ಣು ಸೇರಿದರೆ ಹಸಿರು ಛಾಯೆ. ನಮ್ಮ ಕಣ್ಣು ಒಂದು ಬಣ್ಣವನ್ನು ಒಂಟಿಯಾಗಿ ನೋಡುವುದೇ ಇಲ್ಲ, ಅಕ್ಕಪಕ್ಕದವರ ಜೊತೆಗೇ ನೋಡುತ್ತದೆ. ವ್ಯಾಕರಣ ಪಾಠ ಮಾಡುವ ನಮಗೆ ಇದು ಬಹಳ ಹಿಡಿಸಿತು. ಪದದ ಅರ್ಥವೂ ಹಾಗೆಯೇ ತಾನೆ? ‘ತಲೆ’ ಎಂಬ ಪದ ‘ಎತ್ತು’ ಜೊತೆ ಒಂದು, ‘ತಿನ್ನು’ ಜೊತೆ ಇನ್ನೊಂದು.

ಬಣ್ಣದ ಪುಡಿಯನ್ನು ಹಿಡಿದಿಡಲು ಎಣ್ಣೆ ಬೇಕು. ಅದು ಅಗಸೆ ಎಣ್ಣೆ. ಹೌದು, ಉತ್ತರ ಕರ್ನಾಟಕದವರ ರೊಟ್ಟಿಯ ಪಕ್ಕದಲ್ಲಿ ಚಟ್ನಿಪುಡಿಯಾಗಿ ಕೂರುವ ಅದೇ ಅಗಸಿ! ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಕಲಸಿದರೆ ಅದು ಎಂದೆಂದೂ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾದ ಪೊರೆಯಾಗುತ್ತದೆ. ಅದು ಆರುವುದಲ್ಲ, ಹೆಪ್ಪುಗಟ್ಟುವುದು. ಆದ್ದರಿಂದ ಒಂದು ಪದರದ ಮೇಲೆ ಇನ್ನೊಂದು ಪದರ ಹಾಕಲು ದಿನಗಟ್ಟಲೆ ಸಮಯ ಸಿಗುತ್ತದೆ, ತಿದ್ದಲು ಅವಕಾಶ ಸಿಗುತ್ತದೆ. ನೀರುಬಣ್ಣದಲ್ಲಿ ಈ ಸವಲತ್ತು ಇಲ್ಲ. (ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವನ್ನು ನೋಡಿದವರು ಅದು ಎಣ್ಣೆಬಣ್ಣ, ಬರೆದವರು ರಾಜಾ ರವಿವರ್ಮ ಎಂದು ಹೇಳುವುದುಂಟು. ಎರಡೂ ಅಲ್ಲ. ಅದು ಎಸ್. ಎಲ್. ಹಲ್ದಂಕರ್ ಅವರ ನೀರುಬಣ್ಣದ ಚಿತ್ರ. ಆ ಕೈಬೆರಳುಗಳ ನಡುವಿನ ಕೆಂಪನ್ನು ನೀರುಬಣ್ಣದಲ್ಲಿ ತಂದವರಿಗೆ ಇಮ್ಮಡಿ ನಮಸ್ಕಾರ.)

ಈಗ ರೆಂಬ್ರಾಂಟ್‌ನ ಕೈಚಳಕಕ್ಕೆ ಬರೋಣ. ಅವನು ಬಿಳಿ ಕ್ಯಾನ್ವಾಸಿನ ಮೇಲೆ ಶುರುಮಾಡುತ್ತಿರಲಿಲ್ಲ. ಮೊದಲು ಇಡೀ ಬಟ್ಟೆಗೆ ಕಂದು ಅಥವಾ ಬೂದಿ ಬಣ್ಣ ಬಳಿದಿರುತ್ತಿತ್ತು. ಆ ಕಂದನ್ನೇ ಎಷ್ಟೋ ಕಡೆ ನೆರಳಾಗಿ ಹಾಗೆಯೇ ಬಿಟ್ಟುಬಿಡುತ್ತಿದ್ದ. ನೆರಳು ಎಂದರೆ ತೆಳುವಾದ, ಒಳಗಿನದು ಕಾಣುವ ಬಣ್ಣ. ಬೆಳಕು ಎಂದರೆ ದಪ್ಪವಾಗಿ ಮೆತ್ತಿದ ಬಣ್ಣ. ಹಣೆ, ಮೂಗಿನ ತುದಿ, ಕೆನ್ನೆಯ ಉಬ್ಬಿನಲ್ಲಿ ಸೀಸದ ಬಿಳಿ ಬೆರೆಸಿದ ಬಣ್ಣವನ್ನು ಗಾರೆಯವನಂತೆ ಹಚ್ಚುತ್ತಿದ್ದ. ಹಾಗೆ ಉಬ್ಬಿ ನಿಂತ ಬಣ್ಣ ತಾನೇ ಕೋಣೆಯ ಬೆಳಕನ್ನು ಹಿಡಿದು ಮಿನುಗುತ್ತದೆ. ಬೆಳಕು ಸಾಮಾನ್ಯವಾಗಿ ಎಡಗಡೆ ಮೇಲಿನಿಂದ ಬೀಳುತ್ತದೆ, ಆಚೆ ಕೆನ್ನೆ ನೆರಳಿನಲ್ಲಿ ಮುಳುಗಿ ಕಣ್ಣಿನ ಕೆಳಗೆ ಒಂದು ಸಣ್ಣ ತ್ರಿಕೋನ ಮಾತ್ರ ಬೆಳಗುತ್ತದೆ. ಫೋಟೋಗ್ರಾಫರುಗಳು ಇವತ್ತಿಗೂ ಅದನ್ನು ‘ರೆಂಬ್ರಾಂಟ್ ಲೈಟಿಂಗ್’ ಎಂದೇ ಕರೆಯುತ್ತಾರೆ.

ರೈಕ್ಸ್‌ಮ್ಯೂಸಿಯಂನಲ್ಲಿ ಅವನು ಸುಮಾರು 1628ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ ಬರೆದ ತನ್ನದೇ ಸಣ್ಣ ಚಿತ್ರವಿದೆ. ಮುಖದ ಮುಕ್ಕಾಲು ಪಾಲು ಕತ್ತಲೆಯಲ್ಲಿದೆ. ಗುಂಗುರು ಕೂದಲನ್ನು ಬರೆದೇ ಇಲ್ಲ, ಹಸಿ ಬಣ್ಣದ ಮೇಲೆ ಕುಂಚದ ಹಿಂಬದಿಯ ಕಡ್ಡಿಯಿಂದ ಗೀರಿದ್ದಾನೆ! ನಮ್ಮ ಮಕ್ಕಳು ಪೆನ್ಸಿಲ್ಲಿನ ಹಿಂಬದಿಯಿಂದ ಗೀಚಿದರೆ ಬೈಯುವ ನಾವು ಆ ಚಿತ್ರದ ಮುಂದೆ ಕೊಂಚ ಹೊತ್ತು ನಿಲ್ಲಬೇಕು. 1634ರಲ್ಲಿ ಮಾರ್ಟೆನ್ ಸೋಲ್ಮನ್ಸ್, ಓಪ್ಯೆನ್ ಕೊಪ್ಪಿಟ್ ಎಂಬ ಶ್ರೀಮಂತ ದಂಪತಿಯನ್ನು ಬರೆದಾಗ ಕೈ ಬೇರೆಯದೇ. ಕಪ್ಪು ರೇಷ್ಮೆ, ಬಿಳಿ ಲೇಸು, ಎಲ್ಲವೂ ನಯ, ಎಲ್ಲವೂ ಅಚ್ಚುಕಟ್ಟು. ಈ ಜೋಡಿ ಚಿತ್ರಗಳನ್ನು 2016ರಲ್ಲಿ ನೆದರ್ಲೆಂಡ್ಸ್ ಮತ್ತು ಫ್ರಾನ್ಸ್ ಸರ್ಕಾರಗಳು ಸೇರಿ 16 ಕೋಟಿ ಯೂರೋ ಕೊಟ್ಟು ಕೊಂಡವು. ಎರಡು ದೇಶಗಳು ಪಾಲುಗಾರಿಕೆಯಲ್ಲಿ ಸಾಕುತ್ತಿರುವ ಗಂಡಹೆಂಡಿರು ಇವರು.

ಆದರೆ ನಮಗೆ ಪ್ರಿಯವಾದದ್ದು ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿರುವ 1669ರ ಸ್ವಚಿತ್ರ. ಅದು ಅವನ ಕೊನೆಯ ವರ್ಷ. ಆಗ ಮನೆ ಹರಾಜಾಗಿತ್ತು, 1656ರಲ್ಲಿ ದಿವಾಳಿಯೆಂದು ಘೋಷಣೆಯಾಗಿತ್ತು, ಹೆಂಡತಿಯೂ ಮಗನೂ ತೀರಿಕೊಂಡಿದ್ದರು. ಮುಖದಲ್ಲಿ ಅದೆಲ್ಲ ಇದೆ ಎಂದು ಹೇಳುವುದು ಸುಲಭ. ನಾವು ಹೇಳುವುದು ಬಣ್ಣದ ಮಾತು. ದೂರದಿಂದ ನೋಡಿದರೆ ಜೋಲುಬಿದ್ದ ಕೆನ್ನೆ, ಒದ್ದೆ ಕಣ್ಣು, ವಯಸ್ಸಾದ ಚರ್ಮ. ಹತ್ತಿರ ಹೋದರೆ ಅಲ್ಲಿ ಚರ್ಮವೇ ಇಲ್ಲ! ಕೆಂಪು, ಹಳದಿ, ಬೂದಿಗಳ ಒರಟು ತೇಪೆಗಳು ಒಂದರ ಮೇಲೊಂದು ಬಿದ್ದಿವೆ. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ನಮಗೆ ಸಿಕ್ಕಿಲ್ಲ. ಅವನು ಸತ್ತು ಅರ್ಧ ಶತಮಾನದ ನಂತರ, 1718ರಲ್ಲಿ, ಅರ್ನೋಲ್ಡ್ ಹೌಬ್ರಾಕನ್ ಎಂಬ ಲೇಖಕ ಬರೆದ ಪ್ರಕಾರ, ಒಂದು ಚಿತ್ರದ ಬಣ್ಣ ಎಷ್ಟು ದಪ್ಪವಾಗಿತ್ತೆಂದರೆ ಮೂಗು ಹಿಡಿದೇ ಚಿತ್ರವನ್ನು ನೆಲದಿಂದ ಎತ್ತಬಹುದಿತ್ತಂತೆ. ಯಾರಾದರೂ ತೀರ ಹತ್ತಿರ ಬಂದು ನೋಡಿದರೆ, ಬಣ್ಣದ ವಾಸನೆ ನಿಮಗೆ ಆಗಲಿಕ್ಕಿಲ್ಲ ಎಂದು ರೆಂಬ್ರಾಂಟ್ ಹಿಂದಕ್ಕೆ ಎಳೆಯುತ್ತಿದ್ದನಂತೆ. ಉತ್ಪ್ರೇಕ್ಷೆ ಇರಬಹುದು, ಕೇಳಲು ಸೊಗಸಾಗಿದೆ.

ಸೀಸದ ಬಿಳಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನಮ್ಮ ಏಳನೇ ತರಗತಿಯ ಹುಡುಗರು ಕ್ಷಮಿಸುವುದಿಲ್ಲ. ಡಚ್ಚರು ಅದನ್ನು ಮಾಡುತ್ತಿದ್ದ ಬಗೆ ಹೀಗೆ. ಮಣ್ಣಿನ ಮಡಕೆಯಲ್ಲಿ ಸ್ವಲ್ಪ ವಿನೆಗರ್, ಅದರ ಮೇಲೆ ಸುರುಳಿ ಸುತ್ತಿದ ಸೀಸದ ತಗಡು. ಇಂಥ ನೂರಾರು ಮಡಕೆಗಳನ್ನು ಕುದುರೆ ಲದ್ದಿಯಲ್ಲಿ ಹೂತು ಕೊಠಡಿ ಮುಚ್ಚಿಬಿಡುವುದು. ಲದ್ದಿ ಕೊಳೆತು ಬಿಸಿಯೂ ಇಂಗಾಲದ ಡೈಆಕ್ಸೈಡೂ ಹೊರಡುತ್ತದೆ, ವಿನೆಗರ್ ಆವಿಯಾಗುತ್ತದೆ, ಕೆಲವು ತಿಂಗಳಲ್ಲಿ ಸೀಸದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಕೆರೆದು, ತೊಳೆದು, ಅರೆದರೆ ರಾಣಿಯ ಹಣೆಗೂ ಮುತ್ತಿನ ಓಲೆಗೂ ಬಳಿಯುವ ಬಿಳಿ! ಸೀಸ ವಿಷ, ಈಗ ಮಕ್ಕಳ ಹತ್ತಿರಕ್ಕೂ ಅದನ್ನು ತರುವಂತಿಲ್ಲ. ಆದರೆ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವರ ಒಡವೆ, ಕಿರೀಟಗಳನ್ನು ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಿದ್ದರಲ್ಲ, ಆ ಉಬ್ಬುಗೆಲಸಕ್ಕೂ ಅಂಟಿನೊಂದಿಗೆ ಕಲಸಿದ್ದು ಸಫೇದದ ಪುಡಿಯನ್ನೇ. ಮೈಸೂರಿನವರು ಒಡವೆಯನ್ನು ಉಬ್ಬಿಸಿದರು, ಆಮ್‌ಸ್ಟರ್‌ಡ್ಯಾಮಿನವನು ಮೂಗನ್ನು ಉಬ್ಬಿಸಿದ. ಝಾನ್ಸೆ ಸ್ಖಾನ್ಸ್‌ಗೆ ಚೀಸ್ ತಿನ್ನಲು, ಮರದ ಚಪ್ಪಲಿ ಕೊಳ್ಳಲು ಹೋಗುವ ಪೋಷಕರು ಅಲ್ಲಿನ ‘ದೆ ಕಾಟ್’ ಎಂಬ ಗಾಳಿಗಿರಣಿಯನ್ನು ಹೊಕ್ಕು ಬರಬೇಕು. ಬಣ್ಣದ ಕಲ್ಲನ್ನು ಇಂದಿಗೂ ಗಾಳಿಯ ಬಲದಿಂದ ಅರೆಯುವ ಗಿರಣಿ ಅದು.

ಕಪ್ಪಿನ ವಿಷಯಕ್ಕೆ ಹಾರ್ಲೆಮ್‌ನ ಫ್ರಾನ್ಸ್ ಹಾಲ್ಸ್ ಗುರು. ಅವನ ಚಿತ್ರಗಳಲ್ಲಿ 27 ಬಗೆಯ ಕಪ್ಪುಗಳಿವೆ ಎಂದು ವಿನ್ಸೆಂಟ್ ವ್ಯಾನ್ ಗಾಗ್ 1885ರಲ್ಲಿ ತಮ್ಮನಿಗೆ ಪತ್ರ ಬರೆದಿದ್ದ. ಕಪ್ಪು ಎಂದರೆ ಒಂದೇ ಎಂದುಕೊಂಡವರಿಗೆ ಈ ಲೆಕ್ಕ ಒಂದು ಒಳ್ಳೆಯ ಪಾಠ.

ಇಲ್ಲಿಂದ ನಮ್ಮ ನಿಜವಾದ ಮಾತು ಶುರುವಾಗುತ್ತದೆ. ಮೌರಿಟ್ಸ್‌ಹೌಸ್‌ನ ಸಂಗ್ರಹದಲ್ಲಿ 1661ರಲ್ಲಿ ರೆಂಬ್ರಾಂಟ್ ಬರೆದ ಇಬ್ಬರು ಆಫ್ರಿಕನ್ ಪುರುಷರ ಚಿತ್ರವೊಂದಿದೆ. ಆ ಕಾಲದಲ್ಲಿ ಅವನ ಮನೆಯ ಸುತ್ತಮುತ್ತಲ ಬೀದಿಗಳಲ್ಲೇ ಸ್ವತಂತ್ರರಾದ ಕಪ್ಪು ಜನರ ಒಂದು ಸಣ್ಣ ಸಮುದಾಯ ವಾಸವಾಗಿತ್ತು. ರೆಂಬ್ರಾಂಟ್ ಮನೆಯ ಮ್ಯೂಸಿಯಂ 2020ರಲ್ಲಿ ಇದೇ ವಿಷಯದ ಮೇಲೆ ಪ್ರದರ್ಶನ ನಡೆಸಿತ್ತು. ಈ ಚಿತ್ರದಲ್ಲಿ ಅವನು ಬಿಳಿಯರಿಗೊಂದು ಕರಿಯರಿಗೊಂದು ಎಂದು ಬೇರೆ ಪೆಟ್ಟಿಗೆ ತೆರೆಯಲಿಲ್ಲ. ಅದೇ ಕಂದು, ಅದೇ ಕಾವಿ, ಅದೇ ಕಪ್ಪು, ಅದೇ ಬಿಳಿ. ಪ್ರಮಾಣ ಮಾತ್ರ ಬೇರೆ. ಒಬ್ಬನ ಹಣೆಯ ಮೇಲೆ ಬೆಳಕು ಬಿದ್ದಿದೆ, ಅವನು ಏನೋ ಹೇಳುತ್ತಿರುವಂತಿದೆ. ಇನ್ನೊಬ್ಬ ಅವನ ಭುಜದ ಕಡೆ ವಾಲಿ ತನ್ನ ಯೋಚನೆಯಲ್ಲಿದ್ದಾನೆ. ಇಬ್ಬರ ಕಪ್ಪೂ ಒಂದೇ ಅಲ್ಲ. ಯಾರ ಚರ್ಮವೂ ಒಂದು ಬಣ್ಣದ್ದಲ್ಲ ಎಂಬುದು ಅವನಿಗೆ ಗೊತ್ತಿತ್ತು.

ನಮ್ಮ ಕನ್ನಡಕ್ಕೂ ಗೊತ್ತಿತ್ತು. ಎಣ್ಣೆಗೆಂಪು, ಎಣ್ಣೆಗಪ್ಪು, ಸಾದಗಪ್ಪು, ನಸುಗಪ್ಪು, ಗೋಧಿ ಬಣ್ಣ, ಶ್ಯಾಮಲವರ್ಣ! ಕಾಣೆಯಾದವರ ಪ್ರಕಟಣೆಯಲ್ಲಿ ಬರುತ್ತಿದ್ದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಮಾತು 2016ರಲ್ಲಿ ಒಂದು ಒಳ್ಳೆಯ ಸಿನಿಮಾಕ್ಕೆ ಹೆಸರಾಯಿತು. ಎಣ್ಣೆಗೆಂಪು ಎಂಬ ಪದವನ್ನೇ ನೋಡಿ. ಬಣ್ಣವನ್ನಷ್ಟೇ ಅಲ್ಲ, ಅದರ ಮೇಲಿನ ಹೊಳಪನ್ನೂ ಅದು ಹೇಳುತ್ತದೆ. ಇದು ಚಿತ್ರಕಾರನ ಪದ. ಇಷ್ಟೆಲ್ಲ ಪದಗಳಿರುವ ಭಾಷೆಯ ಮಕ್ಕಳು ‘ಸ್ಕಿನ್ ಕಲರ್’ ಎಂಬ ಒಂದೇ ಬಡ ಪದಕ್ಕೆ ಇಳಿದದ್ದು ಹೇಗೆ? ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಮಗು ಹುಟ್ಟಿದ ದಿನವೇ ‘ಬಣ್ಣ ಹೇಗಿದೆ?’ ಎಂದು ಫೋನಿನಲ್ಲಿ ಕೇಳುವವರು ದೊಡ್ಡವರು. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತಿನಲ್ಲಿ ಆ ‘ಆದರೂ’ ಏನು ಕೆಲಸ ಮಾಡುತ್ತಿದೆ ಎಂದು ವ್ಯಾಕರಣದ ಮೇಷ್ಟ್ರನ್ನು ಕೇಳಬೇಕಾಗಿಲ್ಲ. ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರು 2020ರಲ್ಲಿ ಬದಲಾಯಿತು. ‘ಫೇರ್’ ಹೋಯಿತು, ‘ಗ್ಲೋ’ ಬಂತು. ಮನಸ್ಸಿನ ಕ್ರೀಮು ಬದಲಾಯಿತೇ?

ಊರಿನ ಸ್ಟುಡಿಯೋಗಳಲ್ಲಿ ಹಿಂದೆ ‘ಟಚಪ್’ ಎಂಬ ಕಲೆಯಿತ್ತು. ವಧುವಿನ ಫೋಟೋಕ್ಕೆ ಎರಡು ಛಾಯೆ ಬೆಳ್ಳಗೆ, ತೀರಿಕೊಂಡ ತಾತನಿಗೂ ಎರಡು ಛಾಯೆ ಬೆಳ್ಳಗೆ. ಸತ್ತವರಿಗಾದರೂ ಅವರ ಬಣ್ಣ ಬಿಡಬಾರದೇ ಎಂದು ನಮಗೆ ಅನ್ನಿಸಿದ್ದುಂಟು. ಈಗ ಆ ಕೆಲಸವನ್ನು ಮೊಬೈಲು ಕೇಳದೆಯೇ ಮಾಡಿಕೊಡುತ್ತದೆ. ಹನ್ನೆರಡರ ಹುಡುಗಿಯ ಮೊಡವೆಯನ್ನೂ ಮಚ್ಚೆಯನ್ನೂ ಒರೆಸಿ ಹಾಕುತ್ತದೆ. ಆ ಹುಡುಗಿ ಸಂಜೆ ಕನ್ನಡಿ ನೋಡಿಕೊಂಡಾಗ ಎರಡರಲ್ಲಿ ಯಾವುದು ತನ್ನ ಮುಖ ಎಂದುಕೊಳ್ಳಬೇಕು?

‘ನಮ್ಮ ಮುಖ ನಮಗೆ ಬೇಕಾದ ಹಾಗೆ ಬರಲಿ, ತಪ್ಪೇನು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಳೆಯದೇ. 1654ರಲ್ಲಿ ದಿಯೆಗೊ ದ’ಆಂದ್ರಾದಾ ಎಂಬ ಪೋರ್ಚುಗೀಸ್ ಮೂಲದ ವರ್ತಕ ಒಬ್ಬ ಹುಡುಗಿಯ ಭಾವಚಿತ್ರ ಬರೆಸಲು ರೆಂಬ್ರಾಂಟ್‌ಗೆ ಮುಂಗಡ ಕೊಟ್ಟಿದ್ದ. ಚಿತ್ರ ಹುಡುಗಿಯನ್ನು ಹೋಲುವುದಿಲ್ಲ, ತಿದ್ದಿಕೊಡು, ಇಲ್ಲವೇ ಹಣ ವಾಪಸು ಕೊಡು ಎಂದು ನೋಟರಿಯ ಮೂಲಕ ತಗಾದೆ ಕಳಿಸಿದ. ರೆಂಬ್ರಾಂಟ್‌ನ ಉತ್ತರವೂ ದಾಖಲಾಗಿದೆ. ಮೊದಲು ಬಾಕಿ ಹಣಕ್ಕೆ ದಾರಿಯಾಗಲಿ, ಆಮೇಲೆ ಮುಟ್ಟುತ್ತೇನೆ. ಹೋಲುತ್ತದೋ ಇಲ್ಲವೋ ಎಂದು ಚಿತ್ರಕಾರರ ಸಂಘದ ಹಿರಿಯರು ತೀರ್ಮಾನಿಸಲಿ. ಆಗಲೂ ಬೇಡವೆಂದರೆ ಚಿತ್ರವನ್ನು ನಾನೇ ಇಟ್ಟುಕೊಂಡು ಮುಂದೆ ಹರಾಜಿನಲ್ಲಿ ಮಾರುತ್ತೇನೆ! ವ್ಯವಹಾರದಲ್ಲಿ ಅವನು ಸುಲಭದ ಮನುಷ್ಯನಾಗಿರಲಿಲ್ಲ, ಸಾಲಗಾರರು ಬೆನ್ನು ಹತ್ತಿದ್ದರು. ಅಂಥ ಹೊತ್ತಿನಲ್ಲೂ ಗಿರಾಕಿ ಕೇಳಿದ ತಕ್ಷಣ ಕುಂಚ ತೆಗೆದುಕೊಂಡು ಮುಖವನ್ನು ತಿದ್ದಲು ಅವನು ಒಪ್ಪಲಿಲ್ಲ ಎಂಬುದು ನಮಗೆ ದೊಡ್ಡ ವಿಷಯವಾಗಿ ಕಾಣುತ್ತದೆ.

ರೆಂಬ್ರಾಂಟ್‌ಗೂ ನಮಗೂ ಏನು ನಂಟು ಎಂಬ ಮಾತನ್ನೂ ಕೇಳಿದ್ದೇವೆ. ನಂಟಿದೆ. ಸುಮಾರು 1656ರಿಂದ 1661ರ ನಡುವೆ ಅವನು ಮೊಘಲ್ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ಪೂರ್ವದೇಶದ ನಯವಾದ ಕಾಗದದ ಮೇಲೆ ಪ್ರತಿ ಮಾಡಿದ. ಜಹಾಂಗೀರ್, ಷಹಜಹಾನ್ ಇಬ್ಬರೂ ಅವುಗಳಲ್ಲಿದ್ದಾರೆ. ಭಾರತದ ಚಿತ್ರಕಾರನಿಂದ ಕಲಿಯಲು ಐವತ್ತರ ಆಸುಪಾಸಿನ ಆ ಪ್ರಸಿದ್ಧನಿಗೆ ನಾಚಿಕೆಯಾಗಲಿಲ್ಲ. ಅದಕ್ಕೂ ಮೊದಲೇ ಹಾರ್ಲೆಮ್‌ನ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ಚಿತ್ರಕಾರ ಅಲೆಯುತ್ತಾ ಗೋವೆಗೆ ಬಂದು, ಅಲ್ಲಿಂದ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಹೋಗಿ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಚಿತ್ರ ಬರೆದುಕೊಂಡು ಅಲ್ಲಿಯೇ ಕಣ್ಣುಮುಚ್ಚಿದ. ನಾವು ಕರ್ನಾಟಕದಿಂದ ಹಾಲೆಂಡಿಗೆ ಕೆಲಸ ಹುಡುಕಿಕೊಂಡು ಬಂದವರು. ನಾನೂರು ವರ್ಷಗಳ ಹಿಂದೆ ಅವನು ಹಾಲೆಂಡಿನಿಂದ ಕರ್ನಾಟಕಕ್ಕೆ!

ನಮ್ಮ ಶಾಲೆ ವಾರಕ್ಕೊಮ್ಮೆ ಸೇರುವ ಶಾಲೆ. ಎಣ್ಣೆಬಣ್ಣ, ಕ್ಯಾನ್ವಾಸು, ಈಸೆಲ್ ಇಟ್ಟು ಕಲಿಸಲು ನಮ್ಮಲ್ಲಿ ಜಾಗವೂ ಇಲ್ಲ, ಹಣವೂ ಇಲ್ಲ. ನಾವು ಕೇಳುವುದು ಸಣ್ಣದು. ಮುಂದಿನ ವರ್ಷ ಮಕ್ಕಳಿಗೆ ಬಣ್ಣದ ಪೆಟ್ಟಿಗೆ ಕೊಳ್ಳುವಾಗ ಹಳದಿ ಮಣ್ಣು, ಕಾವಿ, ಬಿಳಿ, ಕಪ್ಪು, ಈ ನಾಲ್ಕು ಪೋಸ್ಟರ್ ಬಣ್ಣಗಳನ್ನು ಸೇರಿಸಿ. ಮುಖವನ್ನು ಈ ನಾಲ್ಕರಿಂದಲೇ ಕಲಸಿ ತರಲು ಹೇಳಿ. ಮೊದಲ ಸಲ ಕೆಸರಾಗುತ್ತದೆ, ಆಗಲಿ. ಅಮ್ಮನ ಕೈ ಪಕ್ಕದಲ್ಲಿ ಹಾಳೆ ಇಟ್ಟು ಹೊಂದಿಸಿ ನೋಡಲಿ, ಬೆರಳಗಂಟಿನ ಬಣ್ಣ ಬೇರೆ, ಅಂಗೈಯ ಬಣ್ಣ ಬೇರೆ ಎಂದು ಅವರೇ ಹೇಳುತ್ತಾರೆ. ಆಮೇಲೆ ಆ ಬಣ್ಣಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಅಜ್ಜಿಗೆ ಫೋನು ಮಾಡಿ ಕೇಳಲಿ.

ರೈಕ್ಸ್‌ಮ್ಯೂಸಿಯಂನಲ್ಲೂ ಮೌರಿಟ್ಸ್‌ಹೌಸ್‌ನಲ್ಲೂ 18 ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ. ಆಮ್‌ಸ್ಟರ್‌ಡ್ಯಾಮ್‌ನ ರೆಂಬ್ರಾಂಟ್ ಮನೆಯಲ್ಲಿ ಬಣ್ಣ ಅರೆಯುವುದನ್ನು ಮಾಡಿ ತೋರಿಸುತ್ತಾರೆ, ಅಗಸೆ ಎಣ್ಣೆಯ ವಾಸನೆ ಅಲ್ಲಿ ಸಿಗುತ್ತದೆ. ಹೇಗ್‌ಗೆ ಹೋಗುವವರು ಮುತ್ತಿನ ಓಲೆಯ ಹುಡುಗಿಯನ್ನು ನೋಡಿ ಅಲ್ಲಿಂದಲೇ ಹಿಂತಿರುಗಬೇಡಿ, ಅಲ್ಲಿ ಜನಜಂಗುಳಿ ಯಾವಾಗಲೂ ಇರುತ್ತದೆ. 1669ರ ಮುದುಕನ ಕೋಣೆ ಎಲ್ಲಿ ಎಂದು ಕೇಳಿಕೊಂಡು ಹೋಗಿ. ಮಕ್ಕಳನ್ನು ಮೊದಲು ಬಾಗಿಲ ಹತ್ತಿರ ನಿಲ್ಲಿಸಿ, ಆಮೇಲೆ ಒಂದೊಂದೇ ಹೆಜ್ಜೆ ಮುಂದಕ್ಕೆ ಬಿಡಿ. ಯಾವ ಹೆಜ್ಜೆಗೆ ಚರ್ಮ ಹೋಗಿ ಬಣ್ಣವಾಯಿತು ಎಂದು ಅವರನ್ನೇ ಕೇಳಿ.